ಜರ್ಮನ್ ಕ್ಲಾಸಿನಲ್ಲಿ ನಾಗರಹಾವು

ಜರ್ಮನ್ ಕಲಿಕೆಯ ನಡುಹಂತಗಳಾದ ಬಿ1, ಬಿ2 ಬ್ಯಾಚುಗಳಿಗೆ ಜರ್ಮನ್‌ನಲ್ಲಿ ವಾದ ಮಾಡಿಸುವ ದಿನ, ಬೋರ್ಡಿನ ಮೇಲೆ ಬರೆಯುವ ಪ್ರಶ್ನೆ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ಥಟ್ಟನೆ ಹೊಳೆಯುವ ಪ್ರಶ್ನೆ ‘ಅಪಾಯಕಾರಿ ಪ್ರಾಣಿಗಳನ್ನು ಮನೆಯಲ್ಲಿ ಸಾಕಬಹುದೇ?’ ಎಂಬುದು. ಅದನ್ನು ಕೊಟ್ಟರೆ ಚರ್ಚೆ ಮೂರೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಹುಲಿ, ಸಿಂಹ, ಮೊಸಳೆ ಎಂದಾಕ್ಷಣ ಇಡೀ ಕ್ಲಾಸು ಒಂದೇ ಕಡೆ. ಸಾಕಬಹುದು ಎಂದು ವಾದಿಸಬೇಕಾದವರು ‘ಅವರವರ ಇಷ್ಟ’ ಎಂದು ಹೇಳಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ‘ಕಟ್ಟುನಿಟ್ಟಿನ ನಿಯಮ ಇದ್ದರೆ ಸರಿ’ ಎಂದು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹಿಡಿಯುತ್ತಾರೆ. ಎರಡೂ ಕಡೆಯವರು ಒಂದೇ ಮಾತಾಡಿದ ಮೇಲೆ ವಾದಿಸಲು ಉಳಿಯುವುದೇನು?

ಹಾಗಾಗಿ ಪ್ರಶ್ನೆಯನ್ನು ಕಿರಿದು ಮಾಡಬೇಕು. ಜರ್ಮನಿಯ ಶಾಲೆಗಳಲ್ಲಿ ನಡೆಯುವ ‘ಯೂಗೆಂಟ್ ಡೆಬಟೀರ್ಟ್’ ಸ್ಪರ್ಧೆಯಲ್ಲಿ ಪ್ರತಿ ವಿಷಯವೂ ‘ಜ಼ೊಲ್’ (ಬೇಕೇ) ಎಂದು ಶುರುವಾಗುವ ಪ್ರಶ್ನೆ. ಉತ್ತರ ಹೌದು ಅಥವಾ ಇಲ್ಲ, ನಡುವಿನದಕ್ಕೆ ಜಾಗವಿಲ್ಲ. ನಮಗೆ ಹೊಂದುವುದು ಇದು: ‘ಜ಼ೊಲ್ ಡೀ ಪ್ರಿವಾಟೆ ಹಾಲ್ಟುಂಗ್ ಫೊನ್ ಗಿಫ್ಟ್‌ಟೀರನ್ ಫೆರ್‌ಬೋಟನ್ ವೇರ್ಡನ್?’ ಅಂದರೆ, ಖಾಸಗಿಯವರು ವಿಷಜಂತು ಸಾಕುವುದನ್ನು ನಿಷೇಧಿಸಬೇಕೇ? ‘ಅಪಾಯಕಾರಿ’ ಎಂಬ ಸಡಿಲ ಪದ ಹೋಗಿ ವಿಷಸರ್ಪ, ಚೇಳು, ಜೇಡ ಉಳಿದವು. ಸಾಕಬಹುದೇ ಎಂಬುದು ಹೋಗಿ ಕಾನೂನು ಬಂತು. ಒಂದು ಎಚ್ಚರಿಕೆ: ಇಲ್ಲಿ ‘ಪರ’ ಎಂದರೆ ನಿಷೇಧದ ಪರ, ಹಾವಿನ ಪರ ಅಲ್ಲ. ಇದನ್ನು ಮೊದಲೇ ಹೇಳದಿದ್ದರೆ ಪರ ಕುಳಿತವರೊಬ್ಬರು ಆರಂಭದ ಮಾತಿನಲ್ಲೇ ಹಾವು ಸಾಕುವವರನ್ನು ಹೊಗಳಲು ಶುರುಮಾಡುತ್ತಾರೆ. ಮೇಜಿನ ಮೇಲೆ ‘ನಿಷೇಧ ಬೇಕು’, ‘ನಿಷೇಧ ಬೇಡ’ ಎಂದು ಎರಡು ಚೀಟಿ ನಿಲ್ಲಿಸಿದರೆ ಗೊಂದಲ ತಪ್ಪುತ್ತದೆ.

ಪ್ರಶ್ನೆಯ ಜೊತೆಗೆ ಒಂದು ನಿಜವಾದ ಘಟನೆ ಬೇಕು. ಜರ್ಮನಿಯ ಹೆರ್ನೆ ಊರಿನದು ಇದಕ್ಕೆ ಹೇಳಿ ಮಾಡಿಸಿದಂತಿದೆ. 2019ರ ಆಗಸ್ಟ್‌ನಲ್ಲಿ ಆ ಊರಿನ ಒಂದು ವಸತಿ ಕಟ್ಟಡದಲ್ಲಿ ಸುಮಾರು 1.4 ಮೀಟರ್ ಉದ್ದದ ಮೊನೊಕಲ್ ಕೋಬ್ರಾ ತಪ್ಪಿಸಿಕೊಂಡಿತು. ಇದು ನಮ್ಮ ನಾಗರಹಾವಿನ ಹತ್ತಿರದ ಸಂಬಂಧಿ. ನಮ್ಮದರ ಹೆಡೆಯ ಮೇಲೆ ಕನ್ನಡಕದ ಗುರುತಿದ್ದರೆ ಅದರ ಹೆಡೆಯ ಮೇಲೆ ಒಂದೇ ವೃತ್ತ. ಒಂದಕ್ಕೊಂದು ಅಂಟಿಕೊಂಡ ನಾಲ್ಕು ಮನೆಗಳನ್ನು ಖಾಲಿ ಮಾಡಿಸಿದರು. ಹಾವು ಹರಿದಾಡಿದರೆ ಗೊತ್ತಾಗಲಿ ಎಂದು ನೆಲಕ್ಕೆ ಹಿಟ್ಟು ಚೆಲ್ಲಿದರು. ಕೆಲವು ದಿನಗಳ ಮೇಲೆ ಅದು ಜೀವಂತ ಸಿಕ್ಕಿತು. ಆ ಊರು ಇರುವ ನೋರ್ಟ್‌ರೈನ್-ವೆಸ್ಟ್‌ಫಾಲನ್ ರಾಜ್ಯ ಆಮೇಲೆ ವಿಷಜಂತುಗಳಿಗೆಂದೇ ಒಂದು ಕಾಯ್ದೆ ಮಾಡಿ 2021ರ ಜನವರಿ 1ರಿಂದ ಜಾರಿಗೆ ತಂದಿತು. ಹೊಸದಾಗಿ ಸಾಕುವಂತಿಲ್ಲ, ಮೊದಲೇ ಸಾಕಿಕೊಂಡಿದ್ದವರು ನೋಂದಾಯಿಸಿಕೊಳ್ಳಬೇಕು. ಈ ವಿಷಯ ಜರ್ಮನಿಯಲ್ಲಿ ಆಯಾ ರಾಜ್ಯಕ್ಕೆ ಬಿಟ್ಟದ್ದು. ಹೆಸ್ಸನ್ 2007ರಲ್ಲೇ ನಿಷೇಧಿಸಿದೆ, ಬವೇರಿಯದಲ್ಲಿ ಸಕಾರಣ ತೋರಿಸಿ ಅನುಮತಿ ಪಡೆಯಬೇಕು. ಗಡಿ ದಾಟಿದರೆ ಕಾನೂನು ಬದಲಾಗುತ್ತದೆ ಎಂಬ ಈ ಒಂದು ಸಂಗತಿಯೇ ಎರಡೂ ಕಡೆಗೆ ವಾದ ಒದಗಿಸುತ್ತದೆ.

ಹೆರ್ನೆಯ ಸುದ್ದಿಯನ್ನು ಸರಳ ಜರ್ಮನ್‌ನಲ್ಲಿ ನೂರೈವತ್ತು ಪದಗಳಿಗೆ ಇಳಿಸಿ ಹಿಂದಿನ ಕ್ಲಾಸಿನಲ್ಲೇ ಹಂಚಬೇಕು. ವಾದದ ದಿನ ಹಂಚಿದರೆ ಅರ್ಧ ಗಂಟೆ ಓದಿಗೇ ಹೋಗುತ್ತದೆ. ಪದಗಳೂ ಹಿಂದಿನ ದಿನವೇ ಬರಬೇಕು, ಇಪ್ಪತ್ತಕ್ಕಿಂತ ಹೆಚ್ಚು ಬೇಡ. ಹಾಲ್ಟರ್ ಎಂದರೆ ಸಾಕುವವರು, ಗೇಗನ್‌ಗಿಫ್ಟ್ ಎಂದರೆ ಪ್ರತಿವಿಷ, ಹಾಫ್ಟ್‌ಫ್ಲಿಶ್ಟ್‌ಫೆರ್‌ಜ಼ಿಶರುಂಗ್ ಎಂದರೆ ಬೇರೆಯವರಿಗಾದ ಹಾನಿ ಕಟ್ಟಿಕೊಡುವ ವಿಮೆ. ಈ ಕೊನೆಯದನ್ನು ಒಂದೇ ಉಸಿರಿಗೆ ಹೇಳಲು ಹೋಗಿ ಎಡವುತ್ತಾರೆ. ಹಾಫ್ಟ್, ಫ್ಲಿಶ್ಟ್, ಫೆರ್‌ಜ಼ಿಶರುಂಗ್ ಎಂದು ಮೂರು ತುಂಡು ಮಾಡಿ ಹೇಳಿಸಿದರೆ ನಾಲಿಗೆಗೆ ಕೂರುತ್ತದೆ.

ಪ್ರಾಣಿಗಳ ಹೆಸರಿನಲ್ಲಿ ಇನ್ನೊಂದು ಬಲೆ ಇದೆ. ಲ್ಯೋವೆ, ಆಫೆ, ಬೇರ್ (ಸಿಂಹ, ಕೋತಿ, ಕರಡಿ) ಈ ಮೂರೂ ಪುಲ್ಲಿಂಗ, ಕರ್ಮಸ್ಥಾನಕ್ಕೆ ಬಂದರೆ ಕೊನೆಗೆ ‘ನ್’ ಅಥವಾ ‘ಎನ್’ ಸೇರುತ್ತದೆ: ಐನನ್ ಲ್ಯೋವನ್, ಐನನ್ ಆಫನ್, ಐನನ್ ಬೇರನ್. ‘ಸಿಂಹವನ್ನು ಸಾಕುವವರು’ ಎಂಬ ಮಾತು ವಾದದಲ್ಲಿ ಪದೇಪದೇ ಬರುವುದರಿಂದ ಈ ತಪ್ಪೂ ಪದೇಪದೇ ಬರುತ್ತದೆ. ಚೇಳು, ಅಂದರೆ ಸ್ಕೊರ್‌ಪಿಯೋನ್, ಕೂಡ ಪುಲ್ಲಿಂಗವೇ, ಆದರೆ ಈ ಗುಂಪಿಗೆ ಸೇರದು. ಹಾವು ಮತ್ತು ಜೇಡ ಸ್ತ್ರೀಲಿಂಗ, ಅವುಗಳಿಂದ ತೊಂದರೆಯಿಲ್ಲ. ವಿಷಜಂತುಗಳಿಗೆ ಪ್ರಶ್ನೆಯನ್ನು ಕಿರಿದು ಮಾಡಿದ್ದರಿಂದ ಸಿಂಹ, ಕರಡಿಗಳ ಕಾಟವೂ ಅರ್ಧ ಕಡಿಮೆಯಾಗುತ್ತದೆ ಅನ್ನಿ.

ಇನ್ನು ವಾದದ ಸಮಯ. ‘ಯೂಗೆಂಟ್ ಡೆಬಟೀರ್ಟ್’ ಪದ್ಧತಿಯಲ್ಲಿ ಮೇಜಿಗೆ ನಾಲ್ವರು, ಪರ ಇಬ್ಬರು, ವಿರೋಧ ಇಬ್ಬರು. ಆರಂಭದ ಸುತ್ತಿನಲ್ಲಿ ಪರ, ವಿರೋಧ, ಪರ, ವಿರೋಧ ಎಂದು ಸರದಿಯಂತೆ ತಲಾ 2 ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ನಂತರ 12 ನಿಮಿಷ ಮುಕ್ತ ಚರ್ಚೆ. ಕೊನೆಗೆ ತಲಾ 1 ನಿಮಿಷ. ಒಟ್ಟು 24 ನಿಮಿಷ. ನಿರೂಪಕರು ಇರುವುದಿಲ್ಲ, ಸಮಯ ನೋಡುವವರೊಬ್ಬರು ಗಂಟೆ ಹಿಡಿದು ಕೂತಿರುತ್ತಾರೆ, ಅಷ್ಟೆ. ಅವಧಿ ಮುಗಿಯಲು 15 ಸೆಕೆಂಡು ಇರುವಾಗ ಒಂದು ಸಲ, ಮುಗಿದಾಗ ಎರಡು ಸಲ ಗಂಟೆ.

ಬೆಂಗಳೂರಿನ ಬಿ1 ಬ್ಯಾಚಿಗೆ ಇದನ್ನು ಹಾಗೇ ತಂದರೆ ಭಾರವಾಗುತ್ತದೆ. ಅರ್ಧಕ್ಕೆ ಇಳಿಸಬೇಕು: ಆರಂಭ ತಲಾ 1 ನಿಮಿಷ, ಮುಕ್ತ ಚರ್ಚೆ 6 ನಿಮಿಷ, ಕೊನೆ ತಲಾ 30 ಸೆಕೆಂಡು. ಹನ್ನೆರಡು ನಿಮಿಷಕ್ಕೆ ಒಂದು ಸುತ್ತು. ತೊಂಬತ್ತು ನಿಮಿಷದ ಕ್ಲಾಸಿನಲ್ಲಿ ತಯಾರಿಗೆ ಇಪ್ಪತ್ತೈದು ನಿಮಿಷ ಕೊಟ್ಟರೂ ಮೂರು ಸುತ್ತು ಆಗುತ್ತವೆ, ಪ್ರತಿ ಸುತ್ತಿನ ಮೇಲೆ ಆರು ನಿಮಿಷ ತಿದ್ದುವುದಕ್ಕೂ ಸಿಗುತ್ತದೆ. ಹನ್ನೆರಡು ಜನ ಮಾತಾಡಿದಂತಾಯಿತು. ಬ್ಯಾಚಿನಲ್ಲಿ ಹದಿನಾರು ಜನ ಇದ್ದರೆ ಉಳಿದ ನಾಲ್ವರಿಗೆ ಗಂಟೆ, ಗಡಿಯಾರ ಮತ್ತು ವಾದ ಕೇಳುತ್ತ ಬರೆದುಕೊಳ್ಳಲು ಎರಡು ಗಮನಪಟ್ಟಿ. ಬಿ2ಗೆ ಪೂರ್ತಿ 24 ನಿಮಿಷ ಇಟ್ಟು ಎರಡೇ ಸುತ್ತು ಮಾಡುವುದು ವಾಸಿ.

ತಯಾರಿಯ ಇಪ್ಪತ್ತೈದು ನಿಮಿಷದಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ಒಂದೇ ಒಂದು ಕಾರ್ಡು ಕೊಡಬೇಕು. ಅದರಲ್ಲಿ ಬಿಡಿ ಪದಗಳು ಮಾತ್ರ, ವಾಕ್ಯ ಬರೆಯುವಂತಿಲ್ಲ. ಎ4 ಹಾಳೆ ಕೊಟ್ಟರೆ ಪೂರ್ತಿ ಭಾಷಣವನ್ನೇ ಬರೆದುಕೊಳ್ಳುತ್ತಾರೆ, ತಲೆ ತಗ್ಗಿಸಿ ಓದುತ್ತಾರೆ. ಓದುವುದೇ ಕಷ್ಟವಲ್ಲ, ಎದುರಿನವರು ಓದುತ್ತಿರುವಾಗ ಇವರು ತಮ್ಮ ಹಾಳೆಯನ್ನೇ ನೋಡುತ್ತಿರುತ್ತಾರೆ, ಕಿವಿ ಮುಚ್ಚಿರುತ್ತದೆ. ಆಮೇಲೆ ಮುಕ್ತ ಚರ್ಚೆಯಲ್ಲಿ ಹಿಡಿಯಲು ಎದುರಿನವರ ಒಂದು ಮಾತೂ ನೆನಪಿರುವುದಿಲ್ಲ. ನಾಲ್ಕು ಭಾಷಣಗಳು ಪಕ್ಕಪಕ್ಕ ನಡೆದುಹೋಗುತ್ತವೆ, ವಾದ ನಡೆಯುವುದೇ ಇಲ್ಲ. ಮೊದಲ ಸಲ ಇದನ್ನು ಮಾಡಿಸುವ ಕ್ಲಾಸುಗಳಲ್ಲಿ ಹೆಚ್ಚು ಕೆಡುವ ಜಾಗ ಇದೇ.

ಆದ್ದರಿಂದ ವಾದದ ಅಂಶಗಳಿಗಿಂತ ಮೊದಲು ಕಲಿಸಬೇಕಾದದ್ದು ಎದುರಿನವರ ಮಾತನ್ನು ಹಿಡಿಯುವ ವಾಕ್ಯಗಳು. ‘ಜ಼ೀ ಹಾಬನ್ ಗೆಜ಼ಾಗ್ಟ್, ಡಸ್...’ (ನೀವು ಹೀಗೆ ಹೇಳಿದಿರಿ). ‘ಡಾ ಹಾಬನ್ ಜ಼ೀ ರೆಶ್ಟ್, ಆಬರ್...’ (ಅದು ಸರಿ, ಆದರೆ). ‘ಡಾರ್ಫ್ ಇಶ್ ಕುರ್ಟ್ಸ್ ನಾಖ್‌ಫ್ರಾಗನ್?’ (ಒಂದು ಕೇಳಲೇ). ‘ವಸ್ ಪಸೀರ್ಟ್, ವೆನ್...?’ (ಹಾಗಾದರೆ ಏನು ಗತಿ). ಈ ನಾಲ್ಕು ಬಾಯಿಪಾಠ ಆಗಿದ್ದರೆ ಸಾಕು. ಮುಕ್ತ ಚರ್ಚೆಗೆ ಒಂದೇ ನಿಯಮ: ಈ ನಾಲ್ಕರಲ್ಲಿ ಒಂದನ್ನು ಹೇಳದೆ ಯಾರೂ ಮಾತು ಶುರುಮಾಡುವಂತಿಲ್ಲ. ಮೊದಲ ಎರಡು ನಿಮಿಷ ಕೃತಕ ಅನ್ನಿಸುತ್ತದೆ, ಆಮೇಲೆ ಹರಿಯುತ್ತದೆ.

ಸಂಬೋಧನೆಯನ್ನೂ ಮೊದಲೇ ತೀರ್ಮಾನಿಸಿಬಿಡಬೇಕು. ಬೆಂಗಳೂರಿನ ಬ್ಯಾಚುಗಳಲ್ಲಿ ಪಿಯುಸಿ ಮುಗಿಸಿದ ಹುಡುಗರೂ ಇರುತ್ತಾರೆ, ಜರ್ಮನಿಗೆ ಕೆಲಸಕ್ಕೆ ಹೊರಟ ನರ್ಸುಗಳೂ ಇರುತ್ತಾರೆ. ಚಿಕ್ಕವರಿಗೆ ದೊಡ್ಡವರನ್ನು ‘ಡು’ (ನೀನು) ಎನ್ನಲು ನಾಲಿಗೆ ಏಳುವುದಿಲ್ಲ, ಒಮ್ಮೆ ಅದು ಒಮ್ಮೆ ಇದು ಎಂದು ಬೆರೆಸಿಬಿಡುತ್ತಾರೆ. ಎಲ್ಲರಿಗೂ ‘ಜ಼ೀ’ (ನೀವು) ಎಂದರೆ ಮರ್ಯಾದೆಯೂ ಉಳಿಯಿತು, ವ್ಯಾಕರಣವೂ ಹಗುರಾಯಿತು, ಏಕೆಂದರೆ ಕ್ರಿಯಾಪದ ನಿಘಂಟಿನಲ್ಲಿರುವ ರೂಪದಲ್ಲೇ ಬಂದು ಕೂರುತ್ತದೆ: ಹಾಬನ್ ಜ಼ೀ, ಗ್ಲೌಬನ್ ಜ಼ೀ.

ಕ್ರಿಯಾಪದದ ಜಾಗದ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ‘ವೈಲ್ ಡೀ ಶ್ಲಾಂಗೆ ಗಿಫ್ಟಿಶ್ ಇಸ್ಟ್’ ಎನ್ನುವಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಥೇಟ್ ‘ಹಾವು ವಿಷಕಾರಿ ಆಗಿರುವುದರಿಂದ’ ಎನ್ನುವಂತೆ. ಆದರೂ ‘ವೈಲ್ ಡೀ ಶ್ಲಾಂಗೆ ಇಸ್ಟ್ ಗಿಫ್ಟಿಶ್’ ಎಂದೇ ಬಾಯಿಗೆ ಬರುವುದು. ತಪ್ಪು ಕನ್ನಡದಿಂದ ಬಂದದ್ದಲ್ಲ, ಜರ್ಮನ್ ಅನ್ನು ಇಂಗ್ಲಿಷಿನ ಮೂಲಕ ಕಲಿತದ್ದರಿಂದ. ‘ಒಬ್‌ವೋಲ್’, ‘ಟ್ರೊಟ್ಸ್‌ಡೇಮ್’ ಜೋಡಿಯೂ ಹಾಗೆಯೇ. ಹಾವು ಅಪಾಯಕಾರಿಯಾಗಿದ್ದರೂ ಎಂಬಲ್ಲಿ ಒಬ್‌ವೋಲ್, ಕ್ರಿಯಾಪದ ಕೊನೆಗೆ. ಹಾವು ಅಪಾಯಕಾರಿ, ಹೀಗಿದ್ದೂ ಜನ ಸಾಕುತ್ತಾರೆ ಎಂಬಲ್ಲಿ ಟ್ರೊಟ್ಸ್‌ಡೇಮ್, ಅದರ ಬೆನ್ನಿಗೇ ಕ್ರಿಯಾಪದ. ಮೊದಲು ಕನ್ನಡ ವಾಕ್ಯ ಹೇಳಿಸಿ ಆಮೇಲೆ ಜರ್ಮನ್‌ಗೆ ಇಳಿಸಿದರೆ ಎರಡೂ ತಮ್ಮ ಜಾಗಕ್ಕೆ ಬರುತ್ತವೆ.

ನಿಷೇಧ ಬೇಕು ಎನ್ನುವವರ ಬುಟ್ಟಿ ತಾನಾಗಿ ತುಂಬುತ್ತದೆ. ಪಕ್ಕದ ಮನೆಯವರಿಗೆ ಗೋಡೆಯಾಚೆ ಏನಿದೆ ಎಂದು ಗೊತ್ತಿರುವುದಿಲ್ಲ. ಪ್ರತಿವಿಷ ಆಯಾ ಜಾತಿಯ ಹಾವಿಗೆ ತಕ್ಕದ್ದೇ ಬೇಕು, ಏಷ್ಯಾ, ಆಫ್ರಿಕಾದ ಹಾವಿನದು ಜರ್ಮನಿಯ ಪ್ರತಿ ಆಸ್ಪತ್ರೆಯಲ್ಲೂ ಇರುವುದಿಲ್ಲ. ಹುಡುಕಾಟದ ಖರ್ಚು ಊರಿನ ತಲೆಗೆ ಬೀಳುತ್ತದೆ.

ಎದುರು ಬದಿಯವರಿಗೆ ಸಹಾಯ ಬೇಕು, ತಯಾರಿಯ ಹೊತ್ತಿನಲ್ಲಿ ಅವರ ಪಕ್ಕ ಕೂರಬೇಕು. ಜರ್ಮನ್ ನಾಗರಿಕ ಸಂಹಿತೆಯ 833ನೇ ಕಲಮಿನ ಪ್ರಕಾರ ಸಾಕುಪ್ರಾಣಿಯಿಂದಾದ ಹಾನಿಗೆ ಸಾಕಿದವರೇ ಹೊಣೆ, ಅವರ ತಪ್ಪಿರಲಿ ಇಲ್ಲದಿರಲಿ. ಹಾಗಿದ್ದ ಮೇಲೆ ನಿಷೇಧವೇಕೆ, ವಿಮೆ ಕಡ್ಡಾಯ ಮಾಡಿದರಾಯಿತಲ್ಲ? ನಿಷೇಧಿಸಿದರೆ ಸಾಕುವುದು ನಿಲ್ಲುತ್ತದೆಯೋ ಅಥವಾ ಕದ್ದು ನಡೆಯುತ್ತದೆಯೋ? ಕದ್ದು ಸಾಕಿದವನ ಹಾವು ತಪ್ಪಿಸಿಕೊಂಡರೆ ಅವನು ಅಗ್ನಿಶಾಮಕದವರಿಗೆ ಫೋನ್ ಮಾಡುತ್ತಾನೆಯೇ? ಈ ಕೊನೆಯ ಪ್ರಶ್ನೆ ಮೇಜಿಗೆ ಬಿದ್ದರೆ ಪರ ಪಕ್ಷದವರು ಅರೆಗಳಿಗೆ ಸುಮ್ಮನಾಗುತ್ತಾರೆ. ‘ವಸ್ ಪಸೀರ್ಟ್, ವೆನ್’ ಅನ್ನು ಬಾಯಿಪಾಠ ಮಾಡಿಸಿದ್ದು ಇಂಥ ಹೊತ್ತಿಗೇ.

ವಾದ ಹಾದಿ ತಪ್ಪುವುದು ನಾಯಿಯ ಹತ್ತಿರ. ‘ಹಾವಿಗಿಂತ ನಾಯಿ ಹೆಚ್ಚು ಜನರನ್ನು ಕಚ್ಚುತ್ತದೆ’ ಎಂದು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಮಾತು ನಿಜ, ಆದರೆ ಅಲ್ಲಿಂದ ಬೀದಿನಾಯಿಗೆ, ಬೀದಿನಾಯಿಯಿಂದ ಪಾಲಿಕೆಗೆ, ಪಾಲಿಕೆಯಿಂದ ಕನ್ನಡ-ಇಂಗ್ಲಿಷಿಗೆ ಹಾರಲು ಹೊತ್ತು ಬೇಕಿಲ್ಲ. ಅದನ್ನು ತಡೆಯುವ ಬದಲು ಒಂದು ಸುತ್ತನ್ನು ನಾಯಿಗೇ ಬಿಟ್ಟುಕೊಡಬಹುದು, ಜರ್ಮನಿಯಲ್ಲಿ ಅದಕ್ಕೂ ಸರಕಿದೆ. 2001ರ ಕೇಂದ್ರ ಕಾಯ್ದೆ ಪಿಟ್‌ಬುಲ್ ಸೇರಿ ನಾಲ್ಕು ತಳಿಗಳನ್ನು ದೇಶಕ್ಕೆ ತರುವುದನ್ನು ನಿರ್ಬಂಧಿಸಿದೆ. ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ತಳಿಪಟ್ಟಿಯೇ ಇಲ್ಲ, ಅಲ್ಲಿ ಸಾಕುವವರ ತಿಳಿವಳಿಕೆಯನ್ನು ಪರೀಕ್ಷಿಸುತ್ತಾರೆ. ತಳಿ ತಪ್ಪೋ, ಮಾಲೀಕ ತಪ್ಪೋ ಎಂಬ ವಾದಕ್ಕೆ ಇಷ್ಟು ಸಾಕು. ನಮ್ಮ ಕಡೆಯ ಉದಾಹರಣೆಯೂ ಇಲ್ಲಿ ಸರಿಯಾಗಿ ಕೂರುತ್ತದೆ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ನಾಯಿ ತಳಿಗಳ ವಿರುದ್ಧ ಹೊರಡಿಸಿದ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಇದನ್ನು ಜರ್ಮನ್‌ನಲ್ಲಿ ಎರಡು ವಾಕ್ಯಕ್ಕೆ ಇಳಿಸಲು ಕರ್ಮಣಿ ಪ್ರಯೋಗದ ಭೂತಕಾಲ ಬೇಕಾಗುತ್ತದೆ. ಒಳ್ಳೆಯ ಕಸರತ್ತು.

ಹಾವಿನ ಸುತ್ತಿನಲ್ಲಿ ನಾಗರಪಂಚಮಿ, ಹಾವಾಡಿಗರು ಬಂದೇ ಬರುತ್ತಾರೆ. ಬರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ನಮ್ಮಲ್ಲಿ ನಾಗರಹಾವನ್ನು ಮನೆಯಲ್ಲಿಟ್ಟು ಸಾಕುವಂತಿಲ್ಲ. ಜರ್ಮನಿಯ ಹಲವು ಕಡೆ ಅದೇ ಹಾವಿಗೆ ಕಾಗದಪತ್ರ ಸರಿಯಿದ್ದರೆ ಸಾಕು. ಈ ವಿಚಿತ್ರವನ್ನು ಜರ್ಮನ್ ಕೇಳುಗರಿಗೆ ವಿವರಿಸುವ ಕೆಲಸ ಕೊಟ್ಟರೆ, ಪುಸ್ತಕದ ವಾಕ್ಯಗಳು ಸಾಲದೆ ಸ್ವಂತ ವಾಕ್ಯ ಕಟ್ಟಲೇಬೇಕಾಗುತ್ತದೆ.

ಎರಡು ಸುತ್ತುಗಳ ನಡುವೆ ನಗಲು ಬಿಡುವು ಬೇಕೆಂದರೆ ಕ್ಲೈನ್‌ಮಾಖ್‌ನೋ ಪ್ರಕರಣ ಹೇಳಬಹುದು. 2023ರ ಜುಲೈನಲ್ಲಿ ಬರ್ಲಿನ್ ಪಕ್ಕದ ಈ ಊರಿನಲ್ಲಿ ಸಿಂಹಿಣಿ ತಿರುಗುತ್ತಿದೆ ಎಂದು ಒಂದು ವಿಡಿಯೊ ನೋಡಿ ಪೊಲೀಸರು ಹೆಲಿಕಾಪ್ಟರ್ ಹಾರಿಸಿ ಹುಡುಕಿದರು. ಮರುದಿನ, ಅದು ಬಹುಶಃ ಕಾಡುಹಂದಿ ಎಂದು ತೀರ್ಮಾನವಾಯಿತು. ‘ಫೆರ್‌ಮೂಟ್ಲಿಶ್’, ‘ವಾರ್‌ಶೈನ್ಲಿಶ್’ ಎಂಬ ಅನುಮಾನದ ಪದಗಳನ್ನು ಬಳಸಿ ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಸುತ್ತು ನಡೆಯುವಾಗ ತಪ್ಪು ತಿದ್ದಬಾರದು. ಮೇಷ್ಟ್ರು ಬಾಯಿ ತೆರೆದರೆ ನಾಲ್ವರೂ ಅವರ ಕಡೆ ತಿರುಗುತ್ತಾರೆ, ಎದುರಿನವರನ್ನು ಮರೆಯುತ್ತಾರೆ. ಗಮನಪಟ್ಟಿ ಹಿಡಿದವರಲ್ಲಿ ಒಬ್ಬರು ತಪ್ಪು ವಾಕ್ಯಗಳನ್ನು ಕೇಳಿದಂತೆಯೇ ಬರೆದುಕೊಳ್ಳಲಿ, ಇನ್ನೊಬ್ಬರು ಯಾರು ಯಾರ ಮಾತನ್ನು ಹಿಡಿದು ಮುಂದುವರಿಸಿದರು ಎಂದು ಬಾಣ ಎಳೆಯಲಿ. ಸುತ್ತು ಮುಗಿದಾಗ ಆ ಹಾಳೆಯಲ್ಲಿ ಬಾಣಗಳು ಒಂದನ್ನೊಂದು ದಾಟಿದ್ದರೆ ವಾದ ನಡೆದಿದೆ. ಎಲ್ಲ ಬಾಣಗಳೂ ಒಬ್ಬರಿಂದಲೇ ಹೊರಟಿದ್ದರೆ ಮುಂದಿನ ಸುತ್ತಿನಲ್ಲಿ ಅವರಿಗೆ ಗಂಟೆ ಕೊಡಬೇಕು. ಬೋರ್ಡಿಗೆ ಐದು ತಪ್ಪು ವಾಕ್ಯಗಳು ಬಂದರೆ ಸಾಕು, ಹೇಳಿದವರ ಹೆಸರು ಬೇಡ. ತಿದ್ದುವುದು ಕ್ಲಾಸಿನ ಕೆಲಸ.

ಕೊನೆಯ ಸುತ್ತಿನಲ್ಲಿ ಹೊಸ ಅಂಶ ತರುವಂತಿಲ್ಲ, ಆದರೆ ಅಭಿಪ್ರಾಯ ಬದಲಿಸಬಹುದು. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಎಲ್ಲರೂ ಆರಂಭದ ಮಾತನ್ನೇ ಮತ್ತೆ ಒಪ್ಪಿಸುತ್ತಾರೆ. ಎದುರಿನವರ ಯಾವ ಮಾತು ತಮಗೆ ತೂಕದ್ದೆನಿಸಿತು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಬೇಕೆಂದು ಕಡ್ಡಾಯ ಮಾಡಿದರೆ ಆ 30 ಸೆಕೆಂಡು ಜೀವ ತುಂಬಿಕೊಳ್ಳುತ್ತದೆ. ಜರ್ಮನ್ ಭಾಷೆಯ ಗೋಯ್ಥೆ ಸಂಸ್ಥೆ ನಡೆಸುವ ಬಿ2 ಮೌಖಿಕ ಪರೀಕ್ಷೆಯ ಎರಡನೇ ಭಾಗದಲ್ಲೂ ಇಂಥದೇ ಚರ್ಚೆ, ಜೊತೆಗಾರರೊಂದಿಗೆ ಸುಮಾರು 5 ನಿಮಿಷ. ಅಲ್ಲಿಯೂ ಎದುರಿನವರ ಮಾತಿಗೆ ಪ್ರತಿಕ್ರಿಯಿಸದೆ ತಮ್ಮದನ್ನೇ ಹೇಳಿಕೊಂಡು ಹೋದರೆ ಅಂಕ ಕಡಿಮೆಯಾಗುತ್ತದೆ. ಬಿ1ನವರಿಗೆ ಮನೆಗೆಲಸ ಬೇರೆ: ಬರವಣಿಗೆಯ ಪರೀಕ್ಷೆಯಲ್ಲಿ ಅಭಿಪ್ರಾಯ ಬರೆಯುವ ಭಾಗ ಸುಮಾರು 80 ಪದ. ಕ್ಲಾಸಿನಲ್ಲಿ ಕೂತ ಪಕ್ಷಕ್ಕೆ ವಿರುದ್ಧವಾಗಿ ಅಷ್ಟನ್ನು ಬರೆದು ತರಲಿ. ಅದರಲ್ಲಿ ಒಂದು ‘ಒಬ್‌ವೋಲ್’, ಒಂದು ‘ಟ್ರೊಟ್ಸ್‌ಡೇಮ್’ ಇರಲೇಬೇಕು.