ಪೆನ್ಸಿಲಿನಲ್ಲಿ ಹಾಕಿದ ಮತ

2024ರ ಮೇ 22ರ ಬುಧವಾರ ಸಂಜೆ ಬ್ರಿಟನ್ನಿನ ಆಗಿನ ಪ್ರಧಾನಿ ರಿಷಿ ಸುನಕ್ ಅವರು ಡೌನಿಂಗ್ ಸ್ಟ್ರೀಟ್‌ನ 10ನೇ ಮನೆಯ ಬಾಗಿಲ ಮುಂದೆ ಕೊಡೆಯೂ ಇಲ್ಲದೆ ಮಳೆಯಲ್ಲಿ ನೆನೆಯುತ್ತ ನಿಂತು, ಜುಲೈ 4ರಂದು ಸಾರ್ವತ್ರಿಕ ಚುನಾವಣೆ ನಡೆಯಲಿದೆಯೆಂದು ಘೋಷಿಸಿದಾಗ, ರೆಡಿಂಗ್ ನಗರದ ನಮ್ಮ ಕಚೇರಿಯಲ್ಲಿ ಏಳೆಂಟು ಜನ ಒಂದೇ ಕಂಪ್ಯೂಟರಿನ ಮುಂದೆ ಗುಂಪುಗೂಡಿದ್ದೆವು. ಗೇಟಿನ ಹೊರಗೆ ಯಾರೋ ಪ್ರತಿಭಟನಾಕಾರರು ಆಗಿನ ಪ್ರಮುಖ ವಿರೋಧ ಪಕ್ಷವಾದ ಲೇಬರಿನ 1997ರ ಗೆಲುವಿನ ಪ್ರಚಾರಗೀತೆಯನ್ನು ಧ್ವನಿವರ್ಧಕದಲ್ಲಿ ಹಾಕಿದ್ದರಿಂದ ಪ್ರಧಾನಿಯ ಅರ್ಧ ಮಾತು ಕೇಳಿಸಲೇ ಇಲ್ಲ. ಭಾಷಣ ಮುಗಿದ ಮೇಲೆ ನಮ್ಮಲ್ಲಿ ಮೊದಲು ಬಂದ ಪ್ರತಿಕ್ರಿಯೆ ಯಾವ ಪಕ್ಷದ ಕುರಿತೂ ಆಗಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಅವರಿಗೊಂದು ಕೊಡೆ ತಂದುಕೊಡುವವರು ಯಾರೂ ಇರಲಿಲ್ಲವೇ ಎಂದು ಒಬ್ಬರು ಕೇಳಿದರು, ಎಲ್ಲರೂ ನಕ್ಕರು, ಅನಂತರ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಚುನಾವಣೆ ಘೋಷಣೆಯಾದ ಸಂಜೆ ಊರಿನ ಹೋಟೆಲಿನಲ್ಲಿ ಒಂದು ಲೋಟ ಕಾಫಿಯನ್ನು ಇಬ್ಬರು ಹಂಚಿಕೊಂಡು ಎರಡು ಗಂಟೆ ವಾದ ಮಾಡುವುದನ್ನು ನೋಡಿ ಬೆಳೆದ ನನಗೆ, ಹನ್ನೊಂದು ವರ್ಷ ಇಲ್ಲಿ ಕಳೆದ ಮೇಲೂ ಈ ಮೌನ ಅಭ್ಯಾಸವಾಗಿಲ್ಲ.

ನಾನಿರುವುದು ಲಂಡನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದೂರದಲ್ಲಿರುವ ರೆಡಿಂಗ್ ನಗರಕ್ಕೆ ಅಂಟಿಕೊಂಡಂತಿರುವ ಅರ್ಲಿ ಎಂಬ ಊರಿನಲ್ಲಿ. ಸುತ್ತಮುತ್ತ ಸಾಫ್ಟ್‌ವೇರ್ ಕಂಪನಿಗಳಿರುವುದರಿಂದ ಇಲ್ಲಿ ಭಾರತೀಯರ ಸಂಖ್ಯೆ ದೊಡ್ಡದು. ಕನ್ನಡ ಮಾತು ಕಿವಿಗೆ ಬೀಳದೆ ಒಂದು ವಾರ ಕಳೆಯುವುದು ಅಪರೂಪ. ಕ್ಷೇತ್ರ ಪುನರ್ವಿಂಗಡಣೆಯಿಂದಾಗಿ ಈ ಸಲ ನಮ್ಮದು ‘ಅರ್ಲಿ ಅಂಡ್ ವುಡ್ಲಿ’ ಎಂಬ ಹೊಚ್ಚಹೊಸ ಕ್ಷೇತ್ರವಾಗಿತ್ತು. ಹಿಂದಿನ ಚುನಾವಣೆಯಲ್ಲಿ ಇಲ್ಲಿ ಗೆದ್ದವರು ಇವರು ಎಂದು ಬೆರಳು ತೋರಿಸಲು ಯಾರೂ ಇರಲಿಲ್ಲವಾದ್ದರಿಂದ, ಗೆಲ್ಲುವವರು ತಾವೇ ಎಂದು ಹೇಳಿಕೊಳ್ಳಲು ಎಲ್ಲ ಪಕ್ಷಗಳಿಗೂ ಅನುಕೂಲವಾಗಿತ್ತು. ಬಾಗಿಲಿನ ಅಂಚೆಕಿಂಡಿಯಿಂದ ದಿನಕ್ಕೆರಡು ಕರಪತ್ರಗಳು ಒಳಗೆ ಬೀಳುತ್ತಿದ್ದವು. ‘ಅವರಿಗೆ ಹಾಕಿದರೆ ಮತ ವ್ಯರ್ಥ’ ಎಂಬ ಅರ್ಥದ ಮಾತು ಎಲ್ಲದರಲ್ಲೂ ಇರುತ್ತಿತ್ತು. ಧ್ವನಿವರ್ಧಕ ಕಟ್ಟಿದ ವಾಹನವಾಗಲಿ, ಮೆರವಣಿಗೆಯಾಗಲಿ ಇಲ್ಲಿಲ್ಲ; ಸಂಜೆಯ ಹೊತ್ತು ಇಬ್ಬರು ಕಾರ್ಯಕರ್ತರು ಹೆಸರಿನ ಪಟ್ಟಿ ಹಿಡಿದು ಬಂದು, ಯಾರಿಗೆ ಮತ ಹಾಕಬೇಕೆಂದಿದ್ದೀರಿ ಎಂದು ವಿನಯದಿಂದ ಕೇಳಿ, ಉತ್ತರವನ್ನು ಗುರುತು ಹಾಕಿಕೊಂಡು ಹೋಗುತ್ತಾರೆ.

ಆ ಆರು ವಾರ ನಾನು ಸಿಕ್ಕವರನ್ನೆಲ್ಲ ಅದೇ ಪ್ರಶ್ನೆಯನ್ನು ಸ್ವಲ್ಪ ಬಳಸಿ ಕೇಳುತ್ತಿದ್ದೆ, ಏಕೆಂದರೆ ಯಾರಿಗೆ ಮತ ಹಾಕುತ್ತೀರಿ ಎಂದು ಇಲ್ಲಿ ಸ್ನೇಹಿತರನ್ನು ನೇರವಾಗಿ ಕೇಳುವುದು ಸಂಬಳ ಎಷ್ಟು ಎಂದು ಕೇಳಿದಷ್ಟೇ ಮುಜುಗರದ ವಿಷಯ. ಯಾರು ಬರಬೇಕು ಎಂಬುದಕ್ಕೆ ಉತ್ಸಾಹದಿಂದ ಉತ್ತರ ಕೊಟ್ಟವರು ಇಬ್ಬರೋ ಮೂವರೋ. ಯಾರು ಹೋಗಬೇಕು ಎಂಬುದರಲ್ಲಿ ಮಾತ್ರ ಬಹಳ ಜನರಿಗೆ ಅನುಮಾನವಿರಲಿಲ್ಲ. 2010ರಿಂದ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷ ಹದಿನಾಲ್ಕು ವರ್ಷಗಳಲ್ಲಿ ಕ್ಯಾಮರನ್, ಮೇ, ಜಾನ್ಸನ್, ಟ್ರಸ್, ಸುನಕ್ ಎಂದು ಐವರು ಪ್ರಧಾನಿಗಳನ್ನು ಕೊಟ್ಟಿತ್ತು, ಮತ್ತು ಜನ ಆ ಐವರ ಸಾಲವನ್ನೂ ಕೊನೆಯವರ ಲೆಕ್ಕಕ್ಕೇ ಬರೆದಿಟ್ಟಿದ್ದರು.

ಪಕ್ಕದ ಮನೆಯ ಹಿರಿಯರು ನಿವೃತ್ತ ಬಸ್ ಚಾಲಕರು. ಬಹುಪಾಲು ಚುನಾವಣೆಗಳಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೇ ಮತ ಹಾಕಿದ್ದೇನೆಂದು ಒಮ್ಮೆ ತಾವಾಗಿಯೇ ಹೇಳಿದ್ದರು. ಬೇಲಿಯ ಆಚೆ ಟೊಮೆಟೊ ಗಿಡಗಳಿಗೆ ನೀರು ಹಾಕುತ್ತ, ಈ ಸಲ ಏನನ್ನಿಸುತ್ತದೆ ಎಂಬ ನನ್ನ ಪ್ರಶ್ನೆಗೆ, ಹದಿನಾಲ್ಕು ವರ್ಷ ದುಡಿದು ದಣಿದಿದ್ದಾರೆ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು. ಸಿಟ್ಟನ್ನು ಇಷ್ಟು ಮೆತ್ತಗೆ ಹೇಳುವ ವಿದ್ಯೆ ನಮಗೆ ಬರುವುದಿಲ್ಲ. ಅವರು ಮಂಡಿಯ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸಿ ಒಂದು ವರ್ಷ ದಾಟಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸರದಿಯಲ್ಲಿ ಆಗ 75 ಲಕ್ಷಕ್ಕೂ ಹೆಚ್ಚು ಚಿಕಿತ್ಸೆಗಳು ಕಾಯುತ್ತಿದ್ದವು. ಹದಿನೆಂಟು ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿ ಕಾಗದದ ಮೇಲಿತ್ತು. ಸಾಮಾನ್ಯ ವೈದ್ಯರನ್ನು ನೋಡಬೇಕಾದರೂ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಫೋನ್ ಮಾಡಬೇಕಿತ್ತು, ಎಂಟೂ ಐದಕ್ಕೆ ಆ ದಿನದ ಸಮಯವೆಲ್ಲ ಮುಗಿದಿರುತ್ತಿತ್ತು. ಹಾಗಾದರೆ ಲೇಬರ್ ಬಂದರೆ ಸರಿಹೋಗಬಹುದೇ ಎಂದು ಕೇಳಿದೆ. ‘ನೋಡೋಣ’ ಎಂದರು, ನೀರಿನ ಪೈಪನ್ನು ಮುಂದಿನ ಗಿಡಕ್ಕೆ ಎಳೆದುಕೊಂಡರು.

ಆ ‘ನೋಡೋಣ’ವನ್ನು ಮುಂದೆ ಎಷ್ಟು ಜನರ ಬಾಯಲ್ಲಿ ಕೇಳಿದೆನೆಂದರೆ, ಇದೇ ಈ ಚುನಾವಣೆಯ ನಿಜವಾದ ಘೋಷವಾಕ್ಯವೆಂದು ನನಗನ್ನಿಸತೊಡಗಿತು. ಕಚೇರಿಯ ಸಹೋದ್ಯೋಗಿಯೊಬ್ಬರು 2019ರಲ್ಲಿ ಶೇ. 2ಕ್ಕಿಂತ ಕಡಿಮೆ ಬಡ್ಡಿಗೆ ಐದು ವರ್ಷದ ಮಟ್ಟಿಗೆ ನಿಗದಿಯಾಗಿದ್ದ ಮನೆಸಾಲವನ್ನು ಆ ಬೇಸಿಗೆಯಲ್ಲಿ ಹೊಸ ದರಕ್ಕೆ ಬದಲಿಸಬೇಕಾಗಿ ಬಂದು, ತಿಂಗಳ ಕಂತು ನೂರಾರು ಪೌಂಡ್ ಏರಿದ್ದರಿಂದ ಕಂಗಾಲಾಗಿದ್ದರು. ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲದರ ಆಗ ಶೇ. 5.25 ಇತ್ತು. ಬಡ್ಡಿ ಏರಿದ್ದು ಜಗತ್ತಿನಾದ್ಯಂತ ಎಂಬುದನ್ನು ಒಪ್ಪುವಷ್ಟು ತಿಳಿವಳಿಕೆ ಅವರಿಗಿತ್ತು. ಆದರೂ 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಸರ್ಕಾರ ಮಂಡಿಸಿದ ತೆರಿಗೆ ಕಡಿತದ ಕಿರುಬಜೆಟ್ಟಿನ ಹೆಸರು ಬಂದೊಡನೆ ಅವರ ದನಿ ಬದಲಾಗುತ್ತಿತ್ತು. 49 ದಿನ ಪ್ರಧಾನಿಯಾಗಿದ್ದವರ ತಪ್ಪಿಗೆ ತಾನು ಐದು ವರ್ಷ ಕಂತು ಕಟ್ಟಬೇಕೇ ಎಂಬುದು ಅವರ ಲೆಕ್ಕ. ಜೂನ್ ಮೂರನೆಯ ವಾರದಲ್ಲಿ ಹಣದುಬ್ಬರ ಶೇ. 2ಕ್ಕೆ ಇಳಿದಿದೆಯೆಂದು ಪ್ರಕಟವಾದಾಗ ಪ್ರಧಾನಿ ಅದನ್ನು ಸಾಧನೆಯೆಂದು ಹೇಳಿಕೊಂಡರು. ಬೀದಿಯ ಅಂಗಡಿಯಲ್ಲಿ ಬೆಣ್ಣೆಯ ಬೆಲೆ ನೋಡಿ ವಾಪಸ್ ಇಡುತ್ತಿದ್ದ ಅಜ್ಜಿಗೆ ಮಾತ್ರ, 2022ರ ಅಕ್ಟೋಬರಿನಲ್ಲಿ ಶೇ. 11 ದಾಟಿದ್ದ ಏರಿಕೆಯ ವೇಗ ಈಗ ತಗ್ಗಿದೆ, ಬೆಲೆಯಲ್ಲ ಎಂಬುದನ್ನು ಯಾವ ಅರ್ಥಶಾಸ್ತ್ರಜ್ಞರೂ ವಿವರಿಸಬೇಕಾಗಿರಲಿಲ್ಲ.

ತುಮಕೂರಿನಿಂದ ಅಮ್ಮ ಪ್ರತಿ ಭಾನುವಾರ ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ‘ನಮ್ಮ ಸುಧಾಮೂರ್ತಿ ಅಳಿಯ ಗೆಲ್ತಾನೇನೋ?’ ಅವರ ಕ್ಷೇತ್ರದಲ್ಲಿ ಗೆಲ್ಲಬಹುದು, ಪಕ್ಷ ಸೋಲುತ್ತದೆ ಎಂದರೆ, ‘ಪಾಪ, ಅಕ್ಷತಾಗೆ ಬೇಜಾರಾಗತ್ತೆ ಕಣೋ’ ಎಂದು ಮಾತು ಮುಗಿಸುತ್ತಿದ್ದರು. ಹುಬ್ಬಳ್ಳಿಯಲ್ಲಿ ಹುಟ್ಟಿದ ಮಗಳು ಡೌನಿಂಗ್ ಸ್ಟ್ರೀಟ್‌ನಲ್ಲಿ ಸಂಸಾರ ಮಾಡಿದ್ದು ನಮ್ಮ ಜನರಿಗೆ ಹೆಮ್ಮೆ ತಂದದ್ದು ನಿಜ. ಇಲ್ಲಿಯ ಕನ್ನಡಿಗರ ನಡುವೆ ಮಾತ್ರ ಆ ಹೆಮ್ಮೆ ಮತವಾಗಿ ಬದಲಾದದ್ದನ್ನು ನಾನು ಹೆಚ್ಚು ಕಾಣಲಿಲ್ಲ. ಸಾಫ್ಟ್‌ವೇರ್ ಉದ್ಯೋಗಿಗಳು ಬರುವ ವೀಸಾಕ್ಕೆ ಕನಿಷ್ಠ ಸಂಬಳದ ಮಿತಿಯನ್ನು ಏಪ್ರಿಲ್ 4ರಿಂದ 38,700 ಪೌಂಡಿಗೆ ಏರಿಸಿದ್ದು, ವೀಸಾದ ಜೊತೆ ಕಟ್ಟಬೇಕಾದ ಆರೋಗ್ಯ ಶುಲ್ಕವನ್ನು ವರ್ಷಕ್ಕೆ 1,035 ಪೌಂಡ್ ಮಾಡಿದ್ದು ಇದೇ ಅಳಿಯನ ಸರ್ಕಾರ ಎಂದು ನಮ್ಮ ಗೆಳೆಯರ ಕೂಟದಲ್ಲಿ ನೆನಪಿಸುವವರು ಇದ್ದೇ ಇದ್ದರು.

ಈ ಚುನಾವಣೆಯ ಬಗ್ಗೆ ನಾನು ಮರೆಯಲಾರದ ಮಾತು ಬಂದದ್ದು ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಮಾಡುವ, ಕಡೂರಿನ ಕಡೆಯ ಹುಡುಗಿಯಿಂದ. ಏಪ್ರಿಲ್ ಕೊನೆಯಲ್ಲಿ ಬಂದವಳು. ಆರೈಕೆ ಕೆಲಸಗಾರರು ಕುಟುಂಬವನ್ನು ಕರೆತರುವಂತಿಲ್ಲವೆಂಬ ನಿಯಮ ಮಾರ್ಚ್ 11ರಿಂದ ಜಾರಿಗೆ ಬಂದಿದ್ದರಿಂದ, ಗಂಡನನ್ನೂ ನಾಲ್ಕು ವರ್ಷದ ಮಗನನ್ನೂ ಊರಿನಲ್ಲೇ ಬಿಟ್ಟು ಬಂದಿದ್ದಳು. ಜೂನ್ ಮೊದಲ ವಾರ ದೇವಸ್ಥಾನದಲ್ಲಿ ಸಿಕ್ಕಾಗ, ಅವಳ ಬಾಡಿಗೆ ಕೋಣೆಗೂ ಕರಪತ್ರಗಳು ಬರುತ್ತಿವೆಯೆಂದು ಹೇಳಿ, ‘ಅಣ್ಣ, ನಮಗೂ ಓಟು ಕೊಡ್ತಾರಾ ಇಲ್ಲಿ?’ ಎಂದು ನಗುತ್ತ ಕೇಳಿದಳು. ಕೊಡುತ್ತಾರೆ. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿದ್ದು ಇಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿದ್ದರೆ ಸಾಕು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ನಿನ ಸಂಸತ್ತಿಗೆ ಮತ ಹಾಕಬಹುದು. ವಸಾಹತು ಕಾಲದ ಈ ಉಳಿಕೆಯ ಬಗ್ಗೆ ಇಲ್ಲಿ ವರ್ಷಗಟ್ಟಲೆ ಇರುವ ನಮ್ಮವರಲ್ಲೂ ಅನೇಕರಿಗೆ ತಿಳಿದಿಲ್ಲ. ಅಲ್ಲೇ ಕುಳಿತು ಅವಳ ಫೋನಿನಲ್ಲಿ ಹೆಸರು ನೋಂದಾಯಿಸಿದೆವು. ಐದು ನಿಮಿಷದ ಕೆಲಸ, ಕೊನೆಯ ದಿನ ಜೂನ್ 18 ಆಗಿತ್ತು.

ಮರುದಿನ ಕಚೇರಿಯಲ್ಲಿ ಇದನ್ನು ಹೇಳಿದಾಗ, ಹದಿನೆಂಟು ವರ್ಷದಿಂದ ಈ ದೇಶದಲ್ಲಿದ್ದು, ಇಲ್ಲೇ ಮನೆ ಕೊಂಡು, ಇಲ್ಲೇ ಇಬ್ಬರು ಮಕ್ಕಳನ್ನು ಹೆತ್ತ ಪೋಲೆಂಡಿನ ಸಹೋದ್ಯೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೆ ಮತವಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟರೆ ಯೂರೋಪಿಯನ್ ಒಕ್ಕೂಟದ ಬೇರಾವ ದೇಶದ ಪ್ರಜೆಗೂ ಸಾರ್ವತ್ರಿಕ ಚುನಾವಣೆಯಲ್ಲಿ ಹಕ್ಕಿಲ್ಲ. ಒಕ್ಕೂಟವನ್ನು ಬಿಡಬೇಕೇ ಎಂದು ಕೇಳಿದ 2016ರ ಬ್ರೆಕ್ಸಿಟ್ ಜನಮತದಲ್ಲೂ ಅವರಿಗೆ ಮತವಿರಲಿಲ್ಲ, ಅದಕ್ಕೆ ಮೂರು ವರ್ಷ ಮೊದಲಷ್ಟೇ ಬಂದಿದ್ದ ನನ್ನಂಥ ಭಾರತೀಯನಿಗೆ ಇತ್ತು. ಸಂಸತ್ತಿಗೆ ಯಾರು ಹೋಗಬೇಕೆಂದು ತೀರ್ಮಾನಿಸಬಲ್ಲ, ಆದರೆ ತನ್ನ ಮಗುವನ್ನು ಕರೆತರಲಾರದ ಒಬ್ಬಳು. ಮಕ್ಕಳೊಂದಿಗೆ ನೆಲೆನಿಂತಿದ್ದರೂ ತೀರ್ಮಾನಿಸಲಾರದ ಇನ್ನೊಬ್ಬರು. ಚುನಾವಣೆ ಘೋಷಣೆಯಾದ ಮರುದಿನವೇ ಹಿಂದಿನ ವರ್ಷದ ನಿವ್ವಳ ವಲಸೆ 6,85,000 ಎಂಬ ಲೆಕ್ಕ ಪ್ರಕಟವಾಗಿ, ಎರಡೂ ದೊಡ್ಡ ಪಕ್ಷಗಳು ಅದನ್ನು ಇಳಿಸುತ್ತೇವೆಂದು ಪ್ರಣಾಳಿಕೆಯಲ್ಲಿ ಬರೆದವು. ಹಾಗಾಗಿ ಯಾರಿಗೆ ಹಾಕಿದರೆ ಮಗ ಬರಬಹುದು ಎಂಬ ಅವಳ ಎರಡನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಪ್ರಚಾರದ ವಿವರಗಳು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿವೆ. ಇಲ್ಲಿ ಜನರ ಬಾಯಲ್ಲಿ ಉಳಿದದ್ದು ಮೂರು. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ‘ಡಿ-ಡೇ’ಯ ಎಂಬತ್ತನೆಯ ವರ್ಷದ ಸ್ಮರಣೆಯಿಂದ ಪ್ರಧಾನಿ ಬೇಗ ಹೊರಟುಬಂದದ್ದನ್ನು ಪಕ್ಕದ ಮನೆಯ ಹಿರಿಯರು ಮಂಡಿನೋವಿಗಿಂತ ಹೆಚ್ಚು ನೋವಿನಿಂದ ಹೇಳಿದರು. ಚುನಾವಣೆಯ ದಿನಾಂಕದ ಮೇಲೆ ಆಡಳಿತ ಪಕ್ಷದ ವಲಯದವರೇ ಪಂದ್ಯ ಕಟ್ಟಿದ್ದ ಸುದ್ದಿಯನ್ನು ಪಬ್ಬಿನವರು ಚಪ್ಪರಿಸಿಕೊಂಡು ಹೇಳಿದರು. ಲಿಬರಲ್ ಡೆಮೊಕ್ರಾಟ್ ನಾಯಕ ಎಡ್ ಡೇವಿ ಅವರು ವಿಂಡರ್‌ಮಿಯರ್ ಸರೋವರದಲ್ಲಿ ಹಲಗೆಯ ಮೇಲಿಂದ ಮತ್ತೆ ಮತ್ತೆ ನೀರಿಗೆ ಬಿದ್ದದ್ದು ಮಕ್ಕಳಿಗೂ ಗೊತ್ತಿತ್ತು.

ಜುಲೈ 4 ಗುರುವಾರ, ರಜೆಯಿಲ್ಲ. ಮತದಾನ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಇರುವುದರಿಂದ ಜನ ಕೆಲಸಕ್ಕೆ ಹೋಗುವ ಮುನ್ನವೋ ಬಂದ ಮೇಲೋ ಹಾಕುತ್ತಾರೆ. ನಮ್ಮ ಮತಗಟ್ಟೆ ಚರ್ಚಿಗೆ ಸೇರಿದ ಒಂದು ಸಭಾಂಗಣ; ಹೊರಗೆ ಎರಡು ನಾಯಿಗಳು ಯಜಮಾನರಿಗಾಗಿ ಕಾಯುತ್ತಿದ್ದವು, ಒಬ್ಬನೇ ಒಬ್ಬ ಪೊಲೀಸ್ ಕೂಡ ಇರಲಿಲ್ಲ. ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಚುನಾವಣೆಯೊಂದಕ್ಕೆ ಅನ್ವಯವಾದದ್ದು ಇದೇ ಮೊದಲು. ವೃದ್ಧರ ಬಸ್ ಪಾಸ್ ನಡೆಯುತ್ತದೆ, ಯುವಕರ ರೈಲು ರಿಯಾಯಿತಿ ಕಾರ್ಡ್ ನಡೆಯುವುದಿಲ್ಲ. ಇದರಲ್ಲಿ ರಾಜಕೀಯವಿದೆ ಎಂದು ಗೊಣಗಿದ ವಿದ್ಯಾರ್ಥಿಯ ಮಾತನ್ನು ನಾನು ತಳ್ಳಿಹಾಕಲಾರೆ. ಒಳಗೆ ಕೊಡುವುದು ಒಂದು ಉದ್ದನೆಯ ಕಾಗದ. ಮರದ ಹಲಗೆಯ ಮರೆಯಲ್ಲಿ ದಾರ ಕಟ್ಟಿ ಇಟ್ಟಿರುವ ಪೆನ್ಸಿಲಿನಿಂದ ಅದರ ಮೇಲೆ ಗುಣಾಕಾರದ ಗುರುತು ಹಾಕಿ ಮಡಿಚಿ ಡಬ್ಬಿಯಲ್ಲಿ ಹಾಕಿದರೆ ಮುಗಿಯಿತು. ಯಂತ್ರವಿಲ್ಲ, ಬೆರಳಿಗೆ ಶಾಯಿಯಿಲ್ಲ.

ಶಾಯಿಯಿಲ್ಲದಿರುವುದು ಕಡೂರಿನ ಹುಡುಗಿಗೆ ದೊಡ್ಡ ಕೊರತೆಯಾಯಿತು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ರಾತ್ರಿ ಎಂಟೂವರೆಗೆ, ಇನ್ನೂ ಬಿಸಿಲಿರುವಾಗಲೇ, ಸಮವಸ್ತ್ರದಲ್ಲೇ ಬಂದಿದ್ದಳು. ಏಪ್ರಿಲ್ 26ರಂದು ಊರಿನಲ್ಲಿ ಗಂಡ ಲೋಕಸಭೆಗೆ ಮತ ಹಾಕಿ ಬೆರಳಿನ ಚಿತ್ರ ಕಳಿಸಿದ್ದನಂತೆ. ತಾನೇನು ಕಳಿಸುವುದು ಎಂದು ಕೇಳಿದಳು. ಕೊನೆಗೆ ಗೇಟಿಗೆ ಕಟ್ಟಿದ್ದ ಮತಗಟ್ಟೆಯ ಫಲಕದ ಪಕ್ಕ ನಿಂತು, ಭಾರತದ ಪಾಸ್‌ಪೋರ್ಟನ್ನು ಎದೆಗೆ ಹಿಡಿದುಕೊಂಡಳು. ನಾನು ಚಿತ್ರ ತೆಗೆದೆ.

ಹತ್ತು ಗಂಟೆಗೆ ಸರಿಯಾಗಿ ಮತಗಟ್ಟೆ ಸಮೀಕ್ಷೆ ಲೇಬರ್‌ಗೆ 410 ಸ್ಥಾನ ಎಂದಿತು. ಎಣಿಕೆ ಮುಗಿದಾಗ ಬಂದದ್ದು 411, ಕನ್ಸರ್ವೇಟಿವ್‌ಗೆ 121. ಕೈಯಿಂದಲೇ ಎಣಿಸಿದರೂ ಇವರು ಬಹುಪಾಲು ಎಣಿಕೆಯನ್ನು ರಾತ್ರಿ ಬೆಳಗಾಗುವುದರೊಳಗೆ ಮುಗಿಸುವ ಪರಿ ನೋಡುವಂಥದ್ದು. ನಮ್ಮ ಕ್ಷೇತ್ರದಲ್ಲಿ ಚೀನಾದಲ್ಲಿ ಹುಟ್ಟಿದ, ಪತ್ರಕರ್ತೆಯಾಗಿದ್ದ ಲೇಬರ್ ಅಭ್ಯರ್ಥಿ ಯುವಾನ್ ಯಾಂಗ್ ಕೇವಲ 848 ಮತಗಳಿಂದ ಗೆದ್ದರು. ಟ್ರಸ್ ತಮ್ಮ ಕ್ಷೇತ್ರದಲ್ಲೇ 630 ಮತಗಳಿಂದ ಸೋತದ್ದು ಮನೆಸಾಲದ ಸಹೋದ್ಯೋಗಿಗೆ ಅಂದಿನ ಒಂದೇ ಸಂತೋಷ. ಇಷ್ಟು ದೊಡ್ಡ ಬಹುಮತಕ್ಕೆ ಲೇಬರ್ ಪಡೆದ ಮತಪ್ರಮಾಣ ಶೇ. 33.7 ಮಾತ್ರ, ಮತ ಹಾಕಿದವರು ಶೇ. 60ರ ಆಸುಪಾಸು, ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ ಶೇ. 14.3 ಮತ ಬಂದು ಐದೇ ಸ್ಥಾನ, ಲಿಬರಲ್ ಡೆಮೊಕ್ರಾಟರಿಗೆ ಶೇ. 12.2 ಮತಕ್ಕೆ 72 ಸ್ಥಾನ. ಆರು ವಾರ ನಾನು ಬೇಲಿಯ ಬಳಿ ಕೇಳಿದ್ದ ‘ನೋಡೋಣ’ ಅಂಕಿಯಾಗಿ ಬರೆದರೆ ಹೀಗೇ ಕಾಣುತ್ತದೆ ಎನ್ನಿಸಿತು.

ಶುಕ್ರವಾರ ಬೆಳಿಗ್ಗೆ ಸುನಕ್ ಅದೇ ಬಾಗಿಲ ಮುಂದೆ ಜನರ ಕ್ಷಮೆ ಕೇಳಿದಾಗ, ಹಿಂದೆ ನಿಂತಿದ್ದ ಅಕ್ಷತಾ ಅವರ ಕೈಯಲ್ಲಿ ಈ ಸಲ ಕೊಡೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಲೇಬರ್ ನಾಯಕ ಕೀರ್ ಸ್ಟಾರ್ಮರ್ ಆ ಮನೆ ಹೊಕ್ಕರು. ‘ಕೊಡೆ ನೋಡಿದ್ಯಾ?’ ಎಂದು ಅಮ್ಮ ಭಾನುವಾರದವರೆಗೂ ಕಾಯದೆ ಫೋನ್ ಮಾಡಿದರು.

ಪಕ್ಕದ ಮನೆಯ ಹಿರಿಯರು ಫಲಿತಾಂಶದ ಬಗ್ಗೆ ಒಂದು ಮಾತೂ ಆಡಲಿಲ್ಲ. ಶನಿವಾರ ಯೂರೋ ಕಪ್‌ನ ಕ್ವಾರ್ಟರ್ ಫೈನಲಿನಲ್ಲಿ ಇಂಗ್ಲೆಂಡ್ ಮತ್ತು ಸ್ವಿಟ್ಜರ್‌ಲೆಂಡ್ 1-1ರಲ್ಲಿ ಸಮವಾಗಿ ಆಟ ಪೆನಾಲ್ಟಿಗೆ ಹೋದಾಗ ನನ್ನನ್ನೂ ಮನೆಯೊಳಗೆ ಕರೆದರು. ಕುರ್ಚಿಯಲ್ಲಿ ಕೂರಲಾರದೆ, ನೋಯುವ ಮಂಡಿಯ ಮೇಲೆ ಕೈಯೂರಿಕೊಂಡು ಟಿವಿಯ ಮುಂದೆ ಬಗ್ಗಿ ನಿಂತಿದ್ದರು. ಈ ಸಲ ಏನನ್ನಿಸುತ್ತದೆ ಎಂದು ಕೇಳಲು ಬಾಯಿ ತೆರೆದೆ. ಸುಮ್ಮನಿರು ಎಂದು ಕೈಸನ್ನೆ ಮಾಡಿದರು.