ನುಂಗಿದ ಮುದ್ದೆ ಎಲ್ಲಿಗೆ ಹೋಯ್ತದೆ ಮಿಸ್?

ನಮ್ಮ ಮಂಡ್ಯ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ತುತ್ತು ಮುರಿದು, ಉಪ್ಸಾರಿನಲ್ಲೋ ಬಸ್ಸಾರಿನಲ್ಲೋ ಹೊರಳಿಸಿ, ಗುಳುಂ ಅಂತ ನುಂಗುತ್ತೇವೆ. ನಾನು ಪಾಠ ಮಾಡುವುದು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ನಲಿ-ಕಲಿ ತರಗತಿ ನನ್ನದು, ಒಂದರಿಂದ ಮೂರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇವರಿಗೆ ದೇಹದ ಪಾಠವನ್ನು ಮೆದುಳಿನಿಂದಲೋ ಹೃದಯದಿಂದಲೋ ಶುರುಮಾಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ತುತ್ತು ಮುದ್ದೆ ಹಿಡಿದು, ಅದು ಬಾಯಿಂದ ಹೊರಟು ಕೊನೆಗೆ ಹೊರಗೆ ಬೀಳುವ ತನಕ ಅದರ ಹಿಂದೆಯೇ ಹೋಗುತ್ತೇವೆ. ಗೋಡೆಯ ಚಾರ್ಟ್ ತೋರಿಸುವುದು ಎಲ್ಲ ಮುಗಿದ ಮೇಲೆ. ಅದರಲ್ಲಿರುವ ಚರ್ಮವಿಲ್ಲದ ಮನುಷ್ಯನನ್ನು ಮೊದಲೇ ತೋರಿಸಿದರೆ, ಕರುಳು ಅವನೊಬ್ಬನಿಗೇ ಇರುವುದು ಅಂತ ಮಕ್ಕಳು ಸುಮ್ಮನೆ ನೋಡಿ ಬಿಡುತ್ತಾರೆ.

ಮೊದಲು ಗಂಟಲು. ಎರಡು ಬೆರಳು ಕತ್ತಿನ ಮೇಲಿಟ್ಟು ಎಂಜಲು ನುಂಗಿ ಅನ್ನುತ್ತೇನೆ. ಒಳಗಿನ ಗಂಟು ಮೇಲಕ್ಕೆ ಎದ್ದು ಇಳಿಯುವುದು ಬೆರಳಿಗೇ ತಿಳಿಯುತ್ತದೆ. ಆ ಕ್ಷಣದಲ್ಲಿ ಶ್ವಾಸನಾಳದ ಬಾಯಿಯ ಮೇಲೆ ಒಂದು ಪುಟ್ಟ ಮುಚ್ಚಳ ಬಾಗಿ, ತುತ್ತು ಹಿಂದಿನ ಅನ್ನನಾಳಕ್ಕೆ ಜಾರುತ್ತದೆ. ಮಾತಾಡುತ್ತಲೋ ನಗುತ್ತಲೋ ಉಂಡರೆ ಈ ಹೊಂದಾಣಿಕೆ ತಪ್ಪಿ ಒಂದು ಅಗುಳೋ ಹನಿ ನೀರೋ ಶ್ವಾಸನಾಳದ ಕಡೆ ನುಗ್ಗುತ್ತದೆ. ಮನೆಯಲ್ಲಿ ‘ನೆತ್ತಿಗೆ ಹತ್ತಿತು’ ಅಂತ ಅಜ್ಜಿ ತಲೆ ತಟ್ಟುತ್ತಾರಲ್ಲ, ಅದು ಇದೇ. ಅನ್ನ ತಲೆಗೇ ಏರಿತು ಅಂತ ನಿಜವಾಗಿಯೂ ನಂಬಿದ್ದ ಮಕ್ಕಳಿದ್ದಾರೆ. ಅಜ್ಜಿ ತಟ್ಟುವುದು ಅಕ್ಕರೆಯಿಂದ, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಹೊಕ್ಕಿದ್ದನ್ನು ಹೊರಗೆ ತಳ್ಳುವುದು ನಿಮ್ಮ ಕೆಮ್ಮು, ಅದನ್ನು ತಡೆಯಬೇಡಿ ಅಂತ ಹೇಳುತ್ತೇನೆ. ಬಾಯಲ್ಲಿ ಕಡಲೆಕಾಯಿ ಬೀಜ ಇಟ್ಟುಕೊಂಡು ಓಡಬಾರದು ಅನ್ನುವುದನ್ನೂ ಇಲ್ಲೇ ಸೇರಿಸುತ್ತೇನೆ.

“ತಲೆ ಕೆಳಗೆ ಮಾಡ್ಕೊಂಡ್ರೆ ಮುದ್ದೆ ವಾಪಸ್ ಬಂದ್ಬುಡ್ತದಾ?”

ಈ ಪ್ರಶ್ನೆಗೆ ಉತ್ತರ ನಮ್ಮ ವಿಶ್ವೇಶ್ವರಯ್ಯ ನಾಲೆಯ ದಡದಲ್ಲಿ ದಿನವೂ ನಿಂತಿರುತ್ತದೆ. ಹಸು ಕತ್ತು ಬಗ್ಗಿಸಿ ನೀರು ಕುಡಿಯುವಾಗ ಅದರ ಬಾಯಿ ಕೆಳಗೆ, ಹೊಟ್ಟೆ ಮೇಲೆ. ಆದರೂ ನೀರು ಏರಿ ಹೋಗುತ್ತದೆ. ಅನ್ನನಾಳದ ಸ್ನಾಯುಗಳು ತುತ್ತಿನ ಹಿಂದೆ ಹಿಂದೆಯೇ ಬಿಗಿಯುತ್ತಾ ಅದನ್ನು ಮುಂದಕ್ಕೆ ತಳ್ಳುತ್ತವೆ, ನಮ್ಮಲ್ಲೂ ಅಷ್ಟೆ. ಹಸುವಿನ ಮಾತು ಬಂದಮೇಲೆ ಮುಂದಿನ ಪ್ರಶ್ನೆ ಬಾರದೆ ಇರುತ್ತದೆಯೇ?

“ದನವೂ ಅಗೀದೆ ನುಂಗ್ತದೆ, ಆಮೇಲೆ ಮೆಲುಕು ಹಾಕ್ತದೆ. ನಾವ್ಯಾಕೆ ಮೆಲುಕು ಹಾಕಲ್ಲ?”

ಎರಡನೇ ತರಗತಿಯ ಹುಡುಗ ಕೇಳಿದ್ದು. ಇಂಥದ್ದನ್ನು ಕೇಳುವ ಮಗುವಿಗೆ ಪೂರಾ ಉತ್ತರ ಸಿಗಬೇಕು, ದೊಡ್ಡವನಾದ ಮೇಲೆ ಓದುವೆಯಂತೆ ಅನ್ನುವುದು ಸಲ್ಲದು. ಹುಲ್ಲು ಹಸಿ, ನಾರು ನಾರು. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಒಡೆಯುತ್ತವೆ, ಹಸು ಅದನ್ನು ಬಾಯಿಗೆ ತಂದು ಮತ್ತೆ ಅಗಿಯುತ್ತದೆ. ನಮ್ಮ ರಾಗಿ ಬೀಸಿ ಹಿಟ್ಟಾಗಿದೆ, ಕುದಿಯುವ ಎಸರಿನಲ್ಲಿ ಬೆಂದಿದೆ, ಅವ್ವ ಕೋಲು ಹಾಕಿ ತೊಳಸಿದ್ದಾಳೆ. ಅರ್ಧ ಕೆಲಸ ಒಲೆಯ ಮೇಲೆಯೇ ಆಗಿಹೋಗಿದೆ. ಅನ್ನವನ್ನಾದರೆ ಅಗಿಯಲೇಬೇಕು. ಬಿಸಿಯೂಟದ ಹೊತ್ತಿಗೆ ಸಾರು ಬಡಿಸುವ ಮೊದಲು ಬರೀ ಅನ್ನವನ್ನು ನುಂಗದೆ ಅಗಿಯಿರಿ ಅಂದೆ. ಸ್ವಲ್ಪ ಹೊತ್ತಿಗೆ “ಸಿಹಿ ಆಯ್ತು ಮಿಸ್!” ಅಂತ ಕೂಗು. ಎಂಜಲು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದನ್ನು ನಾಲಿಗೆಯೇ ಕಂಡುಹಿಡಿಯಿತು. ಮುದ್ದೆಯಲ್ಲಿ ಇದೇ ಕೆಲಸ ಮುಂದೆ ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯ ರಸದಿಂದ ಆಗುತ್ತದೆ.

ಜಠರಕ್ಕೆ ಬಂದಾಗ ಒಂದು ನಿಜವಾದ ಕತೆ ಹೇಳುತ್ತೇನೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗಲಿತು. ಸೈನ್ಯದ ಡಾಕ್ಟರು ವಿಲಿಯಂ ಬ್ಯೂಮಾಂಟ್ ಅವನನ್ನು ಉಳಿಸಿದರು. ಗಾಯ ಮಾಗಿತು, ಆದರೆ ಹೊಟ್ಟೆಯಲ್ಲೊಂದು ತೂತು ಹಾಗೇ ಉಳಿಯಿತು. 1825ರಿಂದ ಡಾಕ್ಟರು ರೇಷ್ಮೆ ದಾರಕ್ಕೆ ಮಾಂಸ, ಎಲೆಕೋಸು, ಬ್ರೆಡ್ಡು ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಆಗಾಗ ಎಳೆದು ನೋಡುತ್ತಿದ್ದರು. ಜಠರದ ರಸವನ್ನು ಸೀಸೆಗೆ ತೆಗೆದು ಮಾಂಸ ಹಾಕಿದರೆ ಅಲ್ಲೂ ಅದು ಕರಗಿತು. ರೇಷ್ಮೆ ದಾರ ಅಂದಕೂಡಲೇ ಹುಳು ಸಾಕುವ ಮನೆಯ ಹುಡುಗಿ ನೆಟ್ಟಗೆ ಕೂತಳು. ಆಮೇಲೆ ಅವಳೇ ಕೇಳಿದಳು, “ಅವ್ನಿಗೆ ನೋವಾಗ್ತಿರ್ಲಿಲ್ವಾ?” ಕಷ್ಟವಾಗುತ್ತಿತ್ತು, ಬಡವನಾದ್ದರಿಂದ ಸಂಬಳಕ್ಕೆ ಒಪ್ಪಿಕೊಂಡಿದ್ದ, ಕೊನೆಗೆ ಬಿಟ್ಟು ಊರಿಗೆ ಹೋದ ಅಂದೆ. 1853ರಲ್ಲಿ ಡಾಕ್ಟರು ತೀರಿಕೊಂಡ ಮೇಲೆ ಅವನು ಇನ್ನೂ 27 ವರ್ಷ ಬದುಕಿದ್ದ ಅಂತ ಕೇಳಿ ಇಡೀ ತರಗತಿಗೆ ಖುಷಿಯಾಯಿತು.

ಸಣ್ಣ ಕರುಳಿಗೆ ನನ್ನದೊಂದು ಹಳೇ ಸೀರೆ. ದೊಡ್ಡವರ ಸಣ್ಣ ಕರುಳು ಸುಮಾರು 6 ಮೀಟರ್, ಸೀರೆ ಅದಕ್ಕಿಂತ ಒಂಚೂರು ಗಿಡ್ಡ. ಜಗಲಿಯ ಉದ್ದಕ್ಕೂ ಮಕ್ಕಳೇ ಹಿಡಿದು ನಿಲ್ಲುತ್ತಾರೆ, ಆಮೇಲೆ ಅದನ್ನು ಹುರಿ ಮಾಡಿ ಮಡಚಿ ನನ್ನ ಹೊಟ್ಟೆಯ ಅಗಲಕ್ಕೆ ಹೊಂದಿಸುತ್ತಾರೆ. ಒಳಗೋಡೆಯಲ್ಲೂ ನೆರಿಗೆಗಳಿವೆ; ನೆರಿಗೆ ಹೆಚ್ಚಿದಷ್ಟೂ ಸತ್ವ ಹೀರಿಕೊಳ್ಳುವ ಜಾಗ ಹೆಚ್ಚು.

ಬಹಳ ಕಡೆ ಪಾಠ ಇಲ್ಲಿಗೆ ನಿಂತುಬಿಡುತ್ತದೆ. ದೊಡ್ಡ ಕರುಳು ಅಂತ ಒಂದು ಸಾಲು, ಮುಗಿಯಿತು. ನನಗೆ ಅದು ಸರಿಕಾಣುವುದಿಲ್ಲ, ಯಾಕೆಂದರೆ ಮಕ್ಕಳಿಗೆ ನಿಜವಾಗಿ ಬೇಕಾದ ತಿಳಿವಳಿಕೆ ಇರುವುದೇ ಅಲ್ಲಿ. ಶಾಲೆಯಲ್ಲಿ ಕಕ್ಕಸಿಗೆ ಹೋಗಲು ನಾಚಿ, ಸಂಜೆಯ ತನಕ ತಡೆದುಕೊಂಡೇ ಕೂರುವ ಮಕ್ಕಳು ಎಷ್ಟೋ. ದೊಡ್ಡ ಕರುಳಿನ ಕೆಲಸ ನೀರನ್ನು ಹೀರಿಕೊಳ್ಳುವುದು. ತಡೆದಷ್ಟೂ ಅದು ಹೀರುತ್ತಲೇ ಇರುತ್ತದೆ, ಮಲ ಗಟ್ಟಿಯಾಗುತ್ತದೆ, ಹೋಗುವಾಗ ನೋವು. ಆ ನೋವಿಗೆ ಹೆದರಿ ಮಗು ಮತ್ತೆ ತಡೆಯುತ್ತದೆ. ಇದನ್ನು ಹೇಳುವಾಗ ಗುದದ್ವಾರ ಅಂತಲೂ, ಮನೆಯಲ್ಲಿ ಅನ್ನುವ ಮಾತಿನಲ್ಲೂ, ಮೂಗು ಕಿವಿ ಅಂದ ದನಿಯಲ್ಲೇ ಹೇಳುತ್ತೇನೆ. ನಗು ಬರುತ್ತದೆ, ನಕ್ಕು ಮುಗಿಸಲಿ ಅಂತ ಕಾಯುತ್ತೇನೆ. ನಮ್ಮ ತರಗತಿಯಲ್ಲಿ ಇದಕ್ಕೆ ಯಾರೂ ಅಪ್ಪಣೆ ಕೇಳಬೇಕಿಲ್ಲ, ಎದ್ದು ಹೋಗಬಹುದು. ಬಕೆಟ್ಟಿನಲ್ಲಿ ನೀರು ತುಂಬಿದೆಯಾ, ಸೋಪು ಇದೆಯಾ ಅಂತ ಬೆಳಿಗ್ಗೆಯೇ ನಾನು ನೋಡಿರುತ್ತೇನೆ.

ಈ ಸಲ ಪಾಠ ಮುಗಿಯುವಾಗ ಒಂದನೇ ತರಗತಿಯ ಪುಟ್ಟಿ ಕೈಯೆತ್ತಿದಳು. “ನೀರೂ ಅದೇ ದಾರೀಲಿ ಹೋಯ್ತದಲ್ಲ ಮಿಸ್, ಉಚ್ಚೆ ಮಾತ್ರ ಯಾಕೆ ಬೇರೆ ಕಡೆಯಿಂದ ಬತ್ತದೆ?” ಮಾರನೇ ದಿನ ಅದೇ ಪಾಠ. ಕರುಳು ಹೀರಿದ ನೀರು ರಕ್ತ ಸೇರುತ್ತದೆ, ಬೆನ್ನಿನ ಕಡೆ ಪಕ್ಕೆಲುಬಿನ ಹತ್ತಿರ ಇರುವ ಎರಡು ಮೂತ್ರಪಿಂಡಗಳು ಆ ರಕ್ತವನ್ನು ಸೋಸುತ್ತವೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ ಅಂದೆ. ನಮ್ಮ ಶಾಲೆಯ ಬಿಂದಿಗೆಗೆ 15 ಲೀಟರ್ ಹಿಡಿಯುತ್ತದೆ. ಮೂರನೇ ತರಗತಿಯವರು ಸ್ಲೇಟು ಹಿಡಿದು 12 ಬಿಂದಿಗೆ ಅಂತ ಲೆಕ್ಕ ತೆಗೆದರು. ಉಚ್ಚೆಯಾಗಿ ಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ.

“ಮಿಕ್ಕಿದ್ದು?”

“ವಾಪಸ್ ರಕ್ತಕ್ಕೇ ಕಂದ.”