ಬಂಡೋರನ್ನಿನ ರೈಲು

ಮೊನ್ನೆ ಮಂಗಳವಾರ, ಡಬ್ಲಿನ್ನಿನಿಂದ ಬೆಲ್‌ಫಾಸ್ಟಿಗೆ ಹೋಗುವ ಎಂಟರ್‌ಪ್ರೈಸ್ ರೈಲು ಡನ್‌ಡಾಕ್ ನಿಲ್ದಾಣ ಬಿಟ್ಟಾಗಿನಿಂದ ನಾನು ಐರ್ಲೆಂಡ್ ಗಣರಾಜ್ಯಕ್ಕೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ನಡುವಿನ ಗಡಿಗಾಗಿ ಕಿಟಕಿಯಾಚೆ ನೋಡುತ್ತಲೇ ಇದ್ದೆ. ಎದುರಿನ ಆಸನದ ವೃದ್ಧೆ, "ಅದು ಆಗಲೇ ಹಿಂದೆ ಹೋಯಿತು" ಎಂದರು. ಸ್ವಲ್ಪ ತಡೆದು, "ನಮ್ಮ ಬಂಡೋರನ್ನಿಗೂ ರೈಲಿತ್ತು. ನಿಲ್ಲಿಸಿದ್ದು ಅವರ ಸರ್ಕಾರ, ಕಳೆದುಕೊಂಡವರು ನಾವು" ಎಂದರು. ಆ ಎರಡನೆಯ ಮಾತು ನಾಲ್ಕು ದಿನಗಳಿಂದ ನನ್ನನ್ನು ಬಿಟ್ಟಿಲ್ಲ.

ಬಂಡೋರನ್ ಇರುವುದು ಐರ್ಲೆಂಡ್ ಗಣರಾಜ್ಯದ ಡೊನೆಗಾಲ್ ಕೌಂಟಿಯಲ್ಲಿ. ಆದರೆ ಅಲ್ಲಿಗೆ ಬರುತ್ತಿದ್ದ ಏಕೈಕ ಹಳಿ ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯನ್ನು ಹಾದು, ಬೆಲೀಕ್ ಬಳಿ ಗಡಿ ದಾಟುತ್ತಿತ್ತು. ಹಳಿ ಹಾಕಿದಾಗ ಗಡಿಯೇ ಇರಲಿಲ್ಲ. ಆ ಹಳಿಯ ಮೇಲೆ ರೈಲು ಓಡಿಸುತ್ತಿದ್ದ, ನಷ್ಟದಲ್ಲಿ ಮುಳುಗಿದ್ದ ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿಯನ್ನು 1953ರಲ್ಲಿ ಎರಡೂ ಸರ್ಕಾರಗಳು ಕೊಂಡು, ಎರಡೂ ಕಡೆಯಿಂದ ಸಮಾನ ಸಂಖ್ಯೆಯ ಸದಸ್ಯರಿದ್ದ ಒಂದು ಮಂಡಳಿಗೆ ವಹಿಸಿದವು. ರೈಲು ಓಡಿಸುವ ಹೊಣೆ ಆ ಮಂಡಳಿಯದಾಯಿತು, ತನ್ನ ನೆಲದ ಹಳಿಯನ್ನು ಮುಚ್ಚಿಸುವ ಅಧಿಕಾರ ಮಾತ್ರ ಆಯಾ ಸರ್ಕಾರದ ಕೈಯಲ್ಲೇ ಉಳಿಯಿತು. ಇದೇ ಮೂಲ ದೋಷವೆಂದು ನನಗೆ ಅನ್ನಿಸುತ್ತದೆ. ರಸ್ತೆ ಸಾರಿಗೆಯತ್ತ ವಾಲಿದ್ದ ಬೆಲ್‌ಫಾಸ್ಟಿನ ಸರ್ಕಾರ, ಡಬ್ಲಿನ್ನಿನ ವಿರೋಧವನ್ನು ಲೆಕ್ಕಿಸದೆ, 1957ರಲ್ಲಿ ತನ್ನ ಭಾಗದ ಹಲವು ಮಾರ್ಗಗಳನ್ನು ಮುಚ್ಚಿತು. ಬಂಡೋರನ್ನಿಗೆ ಉಳಿದದ್ದು ಎಲ್ಲಿಗೂ ಸೇರದ ಕೆಲವೇ ಕಿಲೋಮೀಟರ್ ಹಳಿ. ಎನಿಸ್ಕಿಲನ್‌ನಿಂದ ಸ್ಲೈಗೊ ಕಡೆಗೆ ಓಡುತ್ತಿದ್ದ, ಈ ಮಂಡಳಿಗೆ ಸೇರಿರದ ಪುಟ್ಟ ರೈಲು ಕಂಪನಿಯೂ ಅದರೊಂದಿಗೇ ಮುಚ್ಚಿಹೋಯಿತು.

ಮುಚ್ಚಿದ ಅಧಿಕಾರಿಗಳು ಕೆಟ್ಟವರೆಂದು ನಾನು ಹೇಳಲಾರೆ; ನಷ್ಟ ನಿಜವಾಗಿತ್ತು, ಅವರು ಉತ್ತರ ಹೇಳಬೇಕಾದದ್ದು ತಮ್ಮ ಮತದಾರರಿಗೆ. ಆದರೆ ಆ ಮತದಾರರಲ್ಲಿ ಬಂಡೋರನ್ನಿನ ಒಬ್ಬರೂ ಇರಲಿಲ್ಲ. 1958ರಲ್ಲಿ ಮಂಡಳಿಯನ್ನೇ ವಿಸರ್ಜಿಸಿ, ಎಂಜಿನ್‌ಗಳನ್ನೂ ಬೋಗಿಗಳನ್ನೂ ಎರಡು ಕಡೆಯ ಸಾರಿಗೆ ಸಂಸ್ಥೆಗಳಿಗೆ ಹಂಚಲಾಯಿತು. ನಾನು ಕುಳಿತಿದ್ದ ರೈಲನ್ನು ಈಗ ಎರಡೂ ಕಡೆಯ ರೈಲ್ವೆಗಳು ಜೊತೆಯಾಗಿ ನಡೆಸುತ್ತವೆ, ಮತ್ತು ಚೆನ್ನಾಗಿಯೇ ನಡೆಸುತ್ತವೆ. ಎರಡು ತುದಿಗೂ ಒಂದೊಂದು ರಾಜಧಾನಿ ಇರುವ ಮಾರ್ಗವನ್ನು ಬಿಟ್ಟುಕೊಡಲು ಯಾವ ಸರ್ಕಾರವೂ ಸಿದ್ಧವಿರಲಿಲ್ಲ. ಬಂಡೋರನ್ನಿನ ತುದಿಯಲ್ಲಿದ್ದದ್ದು ಕಡಲತೀರದ ಒಂದು ಸಣ್ಣ ಊರು.

ಬೆಲ್‌ಫಾಸ್ಟಿನಲ್ಲಿ ಆ ವೃದ್ಧೆಯ ಪೆಟ್ಟಿಗೆಯನ್ನು ಇಳಿಸಿಕೊಡುತ್ತಾ, ಊರಿಗೆ ಈಗಲೂ ಹೋಗುತ್ತೀರಾ ಎಂದು ಕೇಳಿದೆ. ವರ್ಷಕ್ಕೊಮ್ಮೆ, ತಂದೆತಾಯಿಯ ಸಮಾಧಿಗೆ, ಬಸ್ಸಿನಲ್ಲಿ ಎಂದರು.